ಕಿಟಕಿಯ ಕೆಳಗಿನ ಚಾಪೆ

ಕಿಟಕಿಯ ಕೆಳಗೆ ಹಾಸಿದ್ದ ಆ ಚಾಪೆಯನ್ನು ಯಾರೂ ತುಳಿಯುತ್ತಿರಲಿಲ್ಲ. ಮೂರು ವರ್ಷದ ಕೂಸಿನಿಂದ ಹಿಡಿದು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಎತ್ತರದ ಅಪ್ಪಂದಿರ ತನಕ ಎಲ್ಲರೂ ಅದಕ್ಕೆ ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು. ಚಾಪೆಯ ಮೇಲೆ ಎರಡು ಸಾಲು ರಟ್ಟಿನ ಕಾರ್ಡುಗಳಿದ್ದವು. ಎಡಗಡೆಯವುಗಳಿಗೆ ಒಣಗಿದ ಎಲೆ ಅಂಟಿಸಿತ್ತು. ಬಲಗಡೆಯವುಗಳಲ್ಲಿ ಅದೇ ಎಲೆಯ ಅಂಚಿನ ಗೆರೆ ಮಾತ್ರ. ಮಕ್ಕಳು ಎಲೆಗೂ ಗೆರೆಗೂ ಜೋಡಿ ಹೊಂದಿಸಲಿ ಎಂದು ಮಾಡುತ್ತಿದ್ದ ಕೆಲಸ. ಎಡ ಸಾಲಿನ ಕೊನೆಯ ಕೆಲವು ಕಾರ್ಡುಗಳು ಇನ್ನೂ ಖಾಲಿ. ಪಕ್ಕದಲ್ಲಿ ಅಂಟಿಸದೆ ಉಳಿದ ಎಲೆಗಳು, ಬಾಯಿ ಗಟ್ಟಿಯಾದ ಗೋಂದಿನ ಬಾಟಲಿ. ಮೂಲೆಯಲ್ಲಿ ಕನ್ನಡಕದ ಚಿತ್ರವಿದ್ದ ಒಂದು ಚೀಟಿ.

ಆ ಮಾಂಟೆಸರಿ ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಇತ್ತು. ಓದಲು ಬಾರದ ಮಕ್ಕಳಿಗೆ ಹೆಸರು ಬರೆದುಕೊಟ್ಟು ಏನು ಪ್ರಯೋಜನ? ಅದಕ್ಕೇ ಚಿತ್ರ. ಹೀಗಾಗಿ ಒಬ್ಬಳು ಛತ್ರಿ, ಒಬ್ಬ ಬಸವನಹುಳು, ಇನ್ನೊಬ್ಬಳು ಕೀಲಿಕೈ. ಮನೆಯವರು ಅಕ್ಕರೆಯಿಂದ ಇಟ್ಟ ಹೆಸರುಗಳು ಗೇಟಿನ ಆಚೆಯೇ ಉಳಿದುಬಿಡುತ್ತಿದ್ದವು. ಕನ್ನಡಕ, ಮಕ್ಕಳಿಗೆ ಕಲಿಸುವ ಅಕ್ಕಾಂಟಿಯದು. ದಿನಕ್ಕೆ ನಾಲ್ಕು ಸಲ ಅದನ್ನು ಕಳೆದುಕೊಂಡು, ತಲೆಯ ಮೇಲಿಟ್ಟುಕೊಂಡೇ ಕೋಣೆಯೆಲ್ಲ ಹುಡುಕುವವರಿಗೆ ಬೇರೆ ಯಾವ ಚಿತ್ರ ಒಪ್ಪೀತು?

ಮಾಂಟೆಸರಿಯಲ್ಲಿ ನಿಯಮ ಸರಳ. ಕಪಾಟಿನಿಂದ ತೆಗೆದ ಕೆಲಸವನ್ನು ಚಾಪೆ ಹಾಸಿ ಮಾಡಬೇಕು. ಮುಗಿದ ಮೇಲೆ ತೆಗೆದವರೇ ಎತ್ತಿಡಬೇಕು. ಮುಗಿಯದಿದ್ದರೆ ಚೀಟಿ ಇಟ್ಟು ಮನೆಗೆ ಹೋಗಬಹುದು. ಆಮೇಲೆ ಆ ಚಾಪೆಯನ್ನು ದೇವರು ಬಂದರೂ ಮುಟ್ಟುವಂತಿಲ್ಲ. ಚಾಪೆಯವರೇ ‘ಬಾ’ ಎಂದು ಕರೆದು ಕೂರಿಸಿಕೊಂಡರೆ ಮಾತ್ರ ಮಾತು ಬೇರೆ. ಆಗ ಅದು ಇಬ್ಬರ ಕೆಲಸ.

ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ಎಲೆ ಅಂಟಿಸುತ್ತಿದ್ದ ಅಕ್ಕಾಂಟಿ ಎದೆ ಒತ್ತಿಕೊಂಡು ಎದ್ದರು. ಮಕ್ಕಳು ನೋಡುತ್ತಿದ್ದಾರೆಂದು ನೆನಪಾಗಿ ಚೀಟಿಯನ್ನು ಮೂಲೆಯಲ್ಲಿ ನೇರವಾಗಿ ಇಟ್ಟರು. “ಈಗ ಬಂದೆ” ಎಂದು, ಶಾಲೆ ನಡೆಸುವ ದೊಡ್ಡಾಂಟಿಯ ಕಾರು ಹತ್ತಿದರು. ಬರಲಿಲ್ಲ.

ಮಾರನೆಯ ವಾರ ದೊಡ್ಡಾಂಟಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಸುತ್ತಿ ಬಳಸದೆ, ಅಕ್ಕಾಂಟಿ ಸತ್ತುಹೋದರು, ಇನ್ನು ಬರುವುದಿಲ್ಲ ಎಂದರು. ಕೆಲವರು ಅತ್ತರು. ಐದು ವರ್ಷಕ್ಕೇ ಅಜ್ಜಿಯ ಹಾಗೆ ಮಾತಾಡುವ ಛತ್ರಿ ಮಾತ್ರ ಕಿಟಕಿಯತ್ತ ನೋಡಿ ಕೇಳಿದಳು: “ಹಾಗಾದ್ರೆ ಅವರ ಕೆಲಸ ಯಾರು ಎತ್ತಿಡ್ತಾರೆ?”

ದೊಡ್ಡಾಂಟಿ ಚಿಕ್ಕಾಂಟಿಯ ಮುಖ ನೋಡಿದರು. ಚಿಕ್ಕಾಂಟಿ ನೆಲ ನೋಡಿದರು.

ಚಿಕ್ಕಾಂಟಿ ಅಕ್ಕಾಂಟಿಯ ಒಡಹುಟ್ಟಿದ ತಂಗಿ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಒಂದೇ ಮಹಡಿಮನೆಯಲ್ಲಿದ್ದು, ಒಂದೇ ಕೋಣೆಯ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡವರು. ಅಕ್ಕ ಗಿಡ್ಡ, ತಂಗಿ ತೆಂಗಿನಮರ. “ಚಿಕ್ಕಾಂಟಿ ಯಾಕೆ ಇಷ್ಟುದ್ದ?” ಎಂದು ಪ್ರತಿವರ್ಷ ಹೊಸ ಮಗುವೊಂದು ಕೇಳುವುದು, “ನನ್ನ ಪಾಲಿನ ಊಟನೂ ಅವಳೇ ತಿಂದಳು ಕಣಪ್ಪ” ಎಂದು ಅಕ್ಕಾಂಟಿ ಹೇಳುವುದು ವಾಡಿಕೆಯಾಗಿತ್ತು.

ಚಿಕ್ಕಾಂಟಿಗೆ ಅಳು ಬರಲಿಲ್ಲ. ಬಂದವರೆಲ್ಲ “ಅತ್ತುಬಿಡಮ್ಮ, ಹಗುರಾಗುತ್ತೆ” ಎಂದರು. ಬೇಡವೆಂದು ತಡೆದುಕೊಂಡಿದ್ದರೆ ತಾನೆ ಬಿಡುವುದು? ತುಂಬ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದರೆ, ಅದು ತನ್ನದೇ ಕಾಲು ಎಂದು ಗೊತ್ತಿರುತ್ತದೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಅವರಿಗೆ ಮೈಯೆಲ್ಲ ಹಾಗಾಗಿತ್ತು. ಬೆಳಗ್ಗೆ ಎರಡು ಲೋಟ ಚಹಾ ಸೋಸುತ್ತಿದ್ದರು. ಎರಡನೆಯದನ್ನು ಸುಮ್ಮನೆ ತೊಟ್ಟಿಗೆ ಚೆಲ್ಲುತ್ತಿದ್ದರು. ಚೆಲ್ಲುವಾಗಲೂ ಏನೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಎಲೆ ಉದುರುವ ಕಾಲ ಬಂತು. ಅಂಗಳದ ಮರಗಳು ಹಳದಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಗಾಳಿ ಬೀಸಿದಾಗಲೆಲ್ಲ ಒಂದಿಷ್ಟು ಕೈಬಿಡತೊಡಗಿದವು. ಈ ಕಾಲದ ಕೆಲಸಗಳೇ ಬೇರೆ. ಮಕ್ಕಳು ಗಿಡ್ಡ ಪೊರಕೆ ಹಿಡಿದು ಎಲೆಗಳನ್ನು ಸೀಮೆಸುಣ್ಣದ ವೃತ್ತದೊಳಕ್ಕೆ ಗುಡಿಸಿದರು. ಬೋಗುಣಿಯಲ್ಲಿ ಎಲೆ ತೊಳೆದು ಬಟ್ಟೆಯಲ್ಲಿ ಒತ್ತಿದರು. ಕಾಗದದ ಕೆಳಗೆ ಎಲೆಯಿಟ್ಟು ಮೇಣದ ಬಣ್ಣ ಉಜ್ಜಿ ನರಗಳನ್ನು ಎಬ್ಬಿಸಿದರು. ಮೂರು ವರ್ಷದ ಬಸವನಹುಳು, ಹೊಸಬ, ಒಂದು ಹೂಜಿಯಿಂದ ಇನ್ನೊಂದಕ್ಕೆ ಬೀಜ ಸುರಿಯುತ್ತ ಇಡೀ ಬೆಳಗು ಕಳೆಯುತ್ತಿದ್ದ. ಅರ್ಧ ಬೀಜ ನೆಲಕ್ಕೆ; ಒಂದೊಂದನ್ನೇ ಹೆಕ್ಕುವುದು ಅವನಿಗೆ ಸುರಿಯುವುದಕ್ಕಿಂತ ಇಷ್ಟ.

ಚಿಕ್ಕಾಂಟಿ ಎಲ್ಲವನ್ನೂ ತೋರಿಸಿಕೊಟ್ಟರು. ಪೊರಕೆ ಹೀಗೆ ಹಿಡಿ, ನೀರು ಇಷ್ಟು ಸಾಕು. ಕೈಗಳಿಗೆ ಕೆಲಸ ಗೊತ್ತಿತ್ತು, ಅವು ಮಾಡುತ್ತಿದ್ದವು. ಚಳಿಗೆಂದು ಸ್ವೆಟರ್ ಹಾಕಿ ಬಂದ ದಿನ ಛತ್ರಿ ಅವರನ್ನು ಅಡ್ಡಗಟ್ಟಿದಳು.

“ಚಿಕ್ಕಾಂಟಿ, ನಿಲ್ಲಿ. ನಿಮ್ಮ ಗುಂಡಿ ಮೇಲೆ ಕೆಳಗೆ ಆಗಿದೆ.”

“ಹೌದಾ?”

“ಬಗ್ಗಿ, ನನಗೆ ಎಟುಕಲ್ಲ.” ಎಲ್ಲ ಬಿಚ್ಚಿ, ಕೆಳಗಿನಿಂದ ಶುರುಮಾಡಿ, ನಾಲಿಗೆ ಹೊರಗೆ ಹಾಕಿಕೊಂಡು ಒಂದೊಂದಾಗಿ ಹಾಕಿದಳು. “ಕೆಳಗಿಂದ ಹಾಕ್ಕೊಂಡು ಬಂದ್ರೆ ತಪ್ಪಲ್ಲ. ನೀವೇ ಹೇಳಿಕೊಟ್ಟಿದ್ದು, ಮರ್ತೋಯ್ತಾ?”

ಒಂದೇ ಒಂದು ಕೆಲಸ ಮಾತ್ರ ಆಗಿರಲಿಲ್ಲ. ಬಾಗಿಲ ಪಕ್ಕದ ಕಪಾಟಿನ ಮೇಲಿನ ಹಲಗೆಯಲ್ಲಿ ಪ್ರತಿವರ್ಷ ಈ ಕಾಲಕ್ಕೆ ಎಲೆ ಕಾರ್ಡುಗಳ ತಟ್ಟೆ ಬಂದು ಕೂರುತ್ತಿತ್ತು. ಈ ಸಲ ಹಲಗೆ ಖಾಲಿ. ತಟ್ಟೆಗೆ ಹೋಗಬೇಕಾದದ್ದು ಕಿಟಕಿಯ ಕೆಳಗೆ ಚಾಪೆಯ ಮೇಲಿತ್ತು.

ಬುಧವಾರ ಊಟದ ಹೊತ್ತಿಗೆ ದೊಡ್ಡಾಂಟಿ ಬಂದು, ತಮ್ಮ ಸೇಬನ್ನು ಎರಡು ಹೋಳು ಮಾಡಿ, ದೊಡ್ಡದನ್ನು ಚಿಕ್ಕಾಂಟಿಯ ತಟ್ಟೆಗಿಟ್ಟರು. ಮುಳ್ಳಿನ ಮೇಲೆ ಬಿದ್ದ ಬಟ್ಟೆ ತೆಗೆಯುವ ಹಾಗೆ ಮಾತು ತೆಗೆದರು.

“ಸೋಮವಾರ ಹೊಸ ಮಕ್ಕಳು ಬರ್ತಾರೆ ಕಣೇ. ಕಾಲಿಡೋಕೆ ಜಾಗ ಬೇಕು.”

“ಹೂಂ.”

“ಆ ಚಾಪೆ ಶುಕ್ರವಾರದೊಳಗೆ ಎತ್ತಿಡು. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ನಾನೇ ಎತ್ತಿಡ್ತೀನಿ, ಬೇಜಾರಿಲ್ಲ. ಆದ್ರೆ ಆಗ ನೀನು ಒಂದಷ್ಟು ದಿನ ನಿನ್ನ ತಮ್ಮನ ಮನೆಗೆ ಹೋಗಿ ಬಾ. ಪಾಪ, ಅವನೂ ಕರೀತಿದ್ದಾನಲ್ಲ. ಕೋಣೆಗೆ ಬೇರೆ ಆಂಟಿನ ನೋಡ್ತೀನಿ.”

“ಎಷ್ಟು ದಿನ?”

ದೊಡ್ಡಾಂಟಿ ಸೇಬಿನ ಬೀಜ ಬಿಡಿಸುತ್ತ, “ಮಕ್ಕಳ ಮುಂದೆ ಬರೀ ಕೈಕಾಲು ಇದ್ರೆ ಸಾಲದು ಕಣೇ, ಮನುಷ್ಯರೂ ಇರ್ಬೇಕು” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರಾಡಲಾದರೂ ಬರುತ್ತಿತ್ತು.

ತಮ್ಮನ ಮನೆಯ ಹಿಂದಿನ ಕೋಣೆ ಚಿಕ್ಕಾಂಟಿಗೆ ಗೊತ್ತು. ಇಸ್ತ್ರಿ ಮೇಜು, ಹೊಲಿಗೆ ಯಂತ್ರ, ಗೋಡೆಗೆ ಒತ್ತಿದ ಮಂಚ. ಒಮ್ಮೆ ಹೋದರೆ ವಾಪಸು ಬರಲು ಕಾರಣ ಹುಡುಕಬೇಕು. ಕಾರಣ ಹುಡುಕುವಷ್ಟು ಕಸುವು ತನ್ನಲ್ಲಿಲ್ಲ ಎಂಬುದೂ ಗೊತ್ತಿತ್ತು. ಈ ಕೋಣೆ ಹೋದರೆ ಹೋಯಿತು. ಅದಕ್ಕೂ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂಬುದೊಂದೇ ಎಲ್ಲೋ ದೂರದಲ್ಲಿ ಸಣ್ಣಗೆ ಚುಚ್ಚಿತು.

ಗುರುವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಚಾಪೆ ಎತ್ತಲೆಂದೇ ಒಳಗೆ ಬಂದರು. ನೋಡಿದರೆ ಅದರ ಮೇಲೆ ತೆಳ್ಳಗಿನ ಹಳೆಯ ಸೀರೆಯ ತುಂಡೊಂದು ಹೊದಿಸಿತ್ತು, ಮಲಗಿದ ಮಗುವಿಗೆ ಹೊದಿಸಿದ ಹಾಗೆ. ನೆಲ ಒರೆಸುತ್ತಿದ್ದ ಆಯಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನಿಂತಳು.

“ಇದು ನೀನು ಹಾಕಿದ್ದಾ ಆಯಮ್ಮ?”

“ಇನ್ನೇನ್ ಮಾಡ್ಲಿ? ದಿನಾ ಧೂಳು. ಆ ಎಲೆ ಒರೆಸೋಕಾಗುತ್ತಾ, ಪುಡಿಪುಡಿ ಆಗಲ್ವಾ? ನನ್ನ ಸೊಂಟಕ್ಕೆ ಕೆಲಸ ಕಮ್ಮಿ ಆಗ್ಲಿ ಅಂತ ಹಾಕಿದೆ.”

“ದಿನಾ ಹಾಕ್ತೀಯಾ?”

“ಬೆಳಗ್ಗೆ ನೀವು ಬರೋ ಮುಂಚೆ ತೆಗೀತೀನಲ್ಲ, ಅದಕ್ಕೇನೀಗ?” ಎಂದು ಗದರಿ, ಬಕೆಟ್ಟು ಎತ್ತಿಕೊಂಡು ಹೋದಳು.

ಚಿಕ್ಕಾಂಟಿ ಬಟ್ಟೆಯ ತುದಿ ಎತ್ತಿದರು. ಕನ್ನಡಕದ ಚೀಟಿ ಅಕ್ಕ ಇಟ್ಟ ಹಾಗೇ ನೇರವಾಗಿತ್ತು. ಅದರ ತನಕ ಕೈ ಹೋಯಿತು. ನಿನ್ನದಲ್ಲದ ಕೆಲಸ ಮುಟ್ಟಬಾರದು ಎಂದು ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಹೇಳಿದ್ದರೋ, ಅದೇ ಮಾತು ಈಗ ಅವರ ಕೈಯನ್ನು ಹಿಡಿದುಕೊಂಡಿತು. ಬಟ್ಟೆಯನ್ನು ಮತ್ತೆ ಹೊದಿಸಿ, ಅಂಚು ಸರಿಮಾಡಿ ಮನೆಗೆ ಹೋದರು.

ಶುಕ್ರವಾರ ಬೆಳಗ್ಗೆ ಬಸವನಹುಳು ಅಂಗಳದಿಂದ ಒಂದು ಎಲೆ ಹಿಡಿದು ಬಂದ. ತನ್ನ ಅಂಗೈಗಿಂತ ದೊಡ್ಡದು, ಹಳದಿ, ಇನ್ನೂ ಇಬ್ಬನಿಯಲ್ಲಿ ಒದ್ದೆ. ಕೋಣೆಯಲ್ಲೆಲ್ಲ ನೋಡಿದ. ಎಲೆಗಳಿರುವ ಜಾಗ ಒಂದೇ ಕಂಡಿತು. ನೇರವಾಗಿ ಕಿಟಕಿಯ ಬಳಿಗೆ ಹೋಗಿ ಚಾಪೆಯ ಮೇಲೆ ಒಂದು ಕಾಲಿಟ್ಟ.

“ಏಯ್! ಮುಟ್ಟಬೇಡ!” ಛತ್ರಿಯ ಕೂಗಿಗೆ ಇಡೀ ಕೋಣೆ ನಿಂತಿತು. ಅಲ್ಲಿ ಕೂಗುವುದೂ ತಪ್ಪೇ; ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಪಿಸುದನಿಯಲ್ಲಿ ಮುಂದುವರಿಸಿದಳು. “ಅದು ಅಕ್ಕಾಂಟಿ ಕೆಲಸ. ಚೀಟಿ ಕಾಣಲ್ವಾ?”

“ಅವರೆಲ್ಲಿ?” ಹೊಸಬ ಅಕ್ಕಾಂಟಿಯನ್ನು ನೋಡಿದವನೇ ಅಲ್ಲ.

“ಸತ್ತೋದ್ರು.”

“ಯಾವಾಗ ಬಂದು ಮುಗಿಸ್ತಾರೆ?”

“ಪೆದ್ದ. ಸತ್ತವರು ಮುಗಿಸಲ್ಲ. ಅವರು ಯಾರನ್ನ ಜೊತೆಗೆ ಕರೆದಿದ್ರೋ ಅವರು ಮುಗಿಸಬೇಕು.” ಹಾಗೆಂದವಳು ಚಿಕ್ಕಾಂಟಿಯ ಕಡೆ ತಿರುಗಿ, ಇಷ್ಟು ದಿನ ಇದನ್ನು ಹೇಳಬೇಕಾಗುತ್ತದೆಂದು ಅಂದುಕೊಂಡೇ ಇರಲಿಲ್ಲ ಎಂಬಂತೆ ನೋಡಿದಳು. “ನಿಮ್ಮನ್ನ ಕರೆದಿದ್ರಲ್ಲ ಚಿಕ್ಕಾಂಟಿ.”

“ಯಾರು?”

“ಅಕ್ಕಾಂಟಿ. ನಾನು ಅಲ್ಲೇ ಇದ್ದೆ. ‘ಬಾರೇ, ನೀನೂ ಒಂದೆರಡು ಅಂಟಿಸು’ ಅಂದ್ರು. ನೀವು, ‘ಈ ಲೋಟ ಒರೆಸಿ ಬರ್ತೀನಿ’ ಅಂದ್ರಿ.”

ಹೌದು. ಲೋಟಗಳ ತಟ್ಟೆ, ನೀಲಿ ಬಟ್ಟೆ, ಬೆನ್ನ ಹಿಂದಿನಿಂದ ಬಂದ ಆ ದನಿ. ಅಕ್ಕ ಅಂದಿದ್ದಳು. ಸಾವಿರ ಸಲ ಅಂದ ಹಾಗೆಯೇ ಅಂದಿದ್ದರಿಂದ ನೆನಪಲ್ಲಿ ಉಳಿದಿರಲಿಲ್ಲ.

ಛತ್ರಿ ಕೇಳಿದಳು: “ಲೋಟ ಒರೆಸಿ ಆಯ್ತಾ?”

“ಆಯ್ತು” ಎಂದರು ಚಿಕ್ಕಾಂಟಿ.

“ಮತ್ತೆ ಬನ್ನಿ.”

ಅವರು ಚಾಪೆಯನ್ನು ತುಳಿಯದೆ, ಸುತ್ತಿಕೊಂಡು ಹೋಗಿ, ಅಕ್ಕ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂತರು. ಉದ್ದನೆಯ ಕಾಲುಗಳನ್ನು ಮಡಚಲು ಸ್ವಲ್ಪ ಹೊತ್ತು ಹಿಡಿಯಿತು. ಛತ್ರಿ ಗೋಂದಿನ ಬಾಟಲಿಯ ಬಾಯಿಯನ್ನು ಬಿಸಿನೀರಿನ ಬಟ್ಟೆಯಿಂದ ಒತ್ತಿ ಬಿಡಿಸಿಕೊಂಡು ಬಂದಳು. ಚಿಕ್ಕಾಂಟಿ ಒಂದು ಎಲೆ ಅಂಟಿಸಿದರು. ಇನ್ನೊಂದು. ಕೈಗೆ ಕೆಲಸ ಗೊತ್ತಿತ್ತು.

ಬಾಗಿಲಲ್ಲಿ ದೊಡ್ಡಾಂಟಿ ಕಾಣಿಸಿಕೊಂಡರು. ಕಂಕುಳಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ. ಒಳಗೆ ಬರುವಷ್ಟರಲ್ಲಿ ಛತ್ರಿ ಅಡ್ಡ ನಿಂತು ತುಟಿಯ ಮೇಲೆ ಬೆರಳಿಟ್ಟಳು.

“ಚಿಕ್ಕಾಂಟಿ ಕೆಲಸ ಮಾಡ್ತಿದ್ದಾರೆ. ನೋಡೋದಾದ್ರೆ ಕೈ ಹಿಂದೆ ಕಟ್ಟಿ ನೋಡಿ.”

ದೊಡ್ಡಾಂಟಿ ಪೆಟ್ಟಿಗೆಯನ್ನು ಹೊರಗಿಟ್ಟು ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅವರ ಪಕ್ಕದಲ್ಲಿ ಕೀಲಿಕೈಯೂ ಹಾಗೇ ನಿಂತಳು.

ಕೊನೆಯ ಎಲೆ ಬೆರಳ ಕೆಳಗೆ ಪುಡಿಯಾಯಿತು. ಸದ್ದೂ ಆಗಲಿಲ್ಲ. ಚಿಕ್ಕಾಂಟಿ ಪುಡಿಯನ್ನೇ ನೋಡುತ್ತ ಕೂತರು. ಕಳೆದ ವರ್ಷ ಅಕ್ಕ ಆ ಎಲೆಯನ್ನು ಆರಿಸಿ, ದಪ್ಪ ನಿಘಂಟಿನೊಳಗೆ ಒತ್ತಿಟ್ಟಿದ್ದಳು.

“ಪರವಾಗಿಲ್ಲ ಚಿಕ್ಕಾಂಟಿ” ಎಂದಳು ಛತ್ರಿ. “ಒಡೆದ್ರೆ ಗುಡಿಸಬೇಕು, ಅಷ್ಟೇ.” ಮೇಜು ಒರೆಸುವ ಪುಟ್ಟ ಬ್ರಷ್ಷು ತಂದುಕೊಟ್ಟಳು. ಚಿಕ್ಕಾಂಟಿ ಗುಡಿಸಿದರು.

ಆಗ ಬಸವನಹುಳು ಇಷ್ಟು ಹೊತ್ತೂ ಹಿಡಿದೇ ನಿಂತಿದ್ದ ತನ್ನ ಎಲೆಯನ್ನು ಮುಂದೆ ಚಾಚಿದ.

“ಇದು ಹಸಿ ಕಣೋ. ಈಗಲೇ ಅಂಟಿಸಿದ್ರೆ ನಾಳೆಗೆ ಮುದುಡಿಕೊಳ್ಳುತ್ತೆ.”

“ಮತ್ತೆ?”

“ಪುಸ್ತಕದಲ್ಲಿ ಇಡಬೇಕು. ಒಣಗಬೇಕು.”

“ನಾಳೆ ಒಣಗುತ್ತಾ?”

“ಇಲ್ಲ. ದಿನಾ ತೆಗೆದು ನೋಡಬೇಕು. ಪುಟ ಬದಲಾಯಿಸಬೇಕು, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ.”

“ಯಾರು ಬದಲಾಯಿಸ್ತಾರೆ?” ಇದು ಛತ್ರಿ. ಕೆಲಸ ಯಾರದೆಂದು ಗೊತ್ತಾಗದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಚಿಕ್ಕಾಂಟಿ ತಲೆಯೆತ್ತಿದರು. ದೊಡ್ಡಾಂಟಿ ಇನ್ನೂ ಕೈ ಹಿಂದೆ ಕಟ್ಟಿಯೇ ನಿಂತಿದ್ದರು.

“ನಾನೇ” ಎಂದರು ಚಿಕ್ಕಾಂಟಿ. “ನನ್ನ ಕೆಲಸ ಅಲ್ವಾ.”

ನಿಘಂಟು ಬಂತು, ಎಲೆ ಒಳಗೆ ಹೋಯಿತು. ಕಾರ್ಡುಗಳು ತಟ್ಟೆಗೆ, ತಟ್ಟೆ ಬಾಗಿಲ ಪಕ್ಕದ ಹಲಗೆಗೆ. ಒಂದು ಕಾರ್ಡು ಖಾಲಿಯೇ ಇತ್ತು, ಇರಲಿ. ಕನ್ನಡಕದ ಚೀಟಿಯನ್ನು ಚಿಕ್ಕಾಂಟಿ ಚೀಟಿಗಳ ಡಬ್ಬಿಯಲ್ಲಿ, ಕೀಲಿಕೈಗೂ ಗಂಟೆಗೂ ನಡುವೆ, ಅದರ ಜಾಗದಲ್ಲಿ ಇಟ್ಟರು. ಚಾಪೆಯ ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ಬಸವನಹುಳು ಹಿಡಿದ, ಸುರುಳಿ ಸೊಟ್ಟಗಾಯಿತು. ದೊಡ್ಡಾಂಟಿ ಹೋಗುವಾಗ ಖಾಲಿ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋದರು.

ಅಳು ಆಗಲೂ ಬರಲಿಲ್ಲ. ಎದ್ದು ನಿಂತಾಗ ಕಾಲು ಮಾತ್ರ ನಿಜವಾಗಿಯೇ ಜೋಮು ಹಿಡಿದಿತ್ತು. ಗೋಡೆ ಹಿಡಿದು, ಚುಚ್ಚುವುದು ಶುರುವಾಗುವ ತನಕ ನಿಂತುಕೊಂಡರು.

ಸಂಜೆ ಆಯಮ್ಮ ಹಳೆಯ ಸೀರೆಯ ತುಂಡು ಹಿಡಿದು ಬಂದವಳು ಬರೀ ನೆಲ ನೋಡಿ, ಅದನ್ನು ನಾಲ್ಕು ಮಡಿಕೆ ಮಾಡಿ, ನಿಘಂಟಿನ ಮೇಲಿಟ್ಟಳು. ಚಾಪೆಯಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಸೋಮವಾರ ಹೊಸ ಮಕ್ಕಳು ಬಂದರು. ಕಿಟಕಿ ತೆಗೆಯಲು ಹೋದ ಚಿಕ್ಕಾಂಟಿ ಆ ಜಾಗವನ್ನು ಸುತ್ತಿಕೊಂಡು ಹೋದರು. ಹಿಂದೆ ಬಂದ ಮಕ್ಕಳೂ, ಯಾಕೆಂದು ಕೇಳದೆ, ಸುತ್ತಿಕೊಂಡೇ ಬಂದರು.