ಸೋಸಿದ ಸದ್ದು

ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ಪುಟ್ಟಿ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಹೊಸ ಚಪ್ಪಲಿ ಬೇಕೆಂದಿರಲಿಲ್ಲ, ಅಮ್ಮ ಎಲ್ಲಿ ಎಂದೂ ಅಂದಿರಲಿಲ್ಲ. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಅವಳು ಅಪ್ಪನ ಕೈ ಬಿಡಿಸಿಕೊಂಡು ಸೀದಾ ಚಿಕ್ಕಿಯ ಮನೆಯೊಳಗೆ ಬಂದು, "ಚಿಕ್ಕಿ, ನಂಗೊಂದು ಬೇಕು" ಎಂದಾಗ, ಚಿಕ್ಕಿಗೆ ಆಕಾಶ ಕೇಳಿದರೂ ತಂದುಕೊಡುವ ಹುಮ್ಮಸ್ಸು ಬಂತು.

"ಕೇಳು ಚಿನ್ನ."

"ಅಮ್ಮ ಚಹಾ ಕುಡಿಯೋದು. ನಿನ್ ಫೋನಿಗೆ ಕಳಿಸಿದ್ಲಲ್ಲ, ಅದು. ಅದರಲ್ಲಿ ನಾನೂ ಇದೀನಿ. ಇಬ್ರೂ ನಗ್ತೀವಿ."

ಬಾಗಿಲಲ್ಲೇ ನಿಂತಿದ್ದ ಭಾವ ಚಪ್ಪಲಿ ಬಿಡುತ್ತಾ, "ಬೆಳಿಗ್ಗೆಯಿಂದ ಇದೇ ಜಪ. ನನ್ ಫೋನಲ್ಲಿ ಅವಳದ್ದು ಏನಿದೆ ಹೇಳು, 'ಬರ್ತಾ ಹಾಲು ತನ್ನಿ' ಅನ್ನೋದು ಬಿಟ್ರೆ? ಅದನ್ನೇ ಕೇಳಿಸಿದೆ. ಹಾಲಿನದ್ದು ಬೇಡ್ವಂತೆ" ಎಂದರು. ನಗಲು ನೋಡಿದರು. ಆಗಲಿಲ್ಲ. ಅಕ್ಕನ ಫೋನು ಅಕ್ಕನ ಜೊತೆಗೇ ಲಾರಿಯ ಚಕ್ರದಡಿ ಹೋಗಿತ್ತು.

ಅಕ್ಕ ದರ್ಜಿ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ ಅವಳದು. ಸಂಜೆ ಬಿಸಿಲು ಹೊಸ್ತಿಲಿಗೆ ಬಂತೆಂದರೆ ಮಿಷನ್ನಿನ ಗಾಲಿ ನಿಲ್ಲಿಸಿ, ಚಹಾ ಲೋಟ ಹಿಡಿದು, ಕಾಲು ಬಿಸಿಲಿಗೆ ಚಾಚಿ ಕೂತುಬಿಡುತ್ತಿದ್ದಳು. ಆಗ ಯಾವ ಗಿರಾಕಿ ಬಂದರೂ ಏಳುತ್ತಿರಲಿಲ್ಲ. "ಚಹಾ ಕುಡಿವಾಗ ಇನ್ನೊಂದು ಕೆಲಸ ಮಾಡಿದ್ರೆ ಚಹಾಕ್ಕೆ ಬೇಜಾರಾಗುತ್ತೆ" ಎನ್ನುವಳು. ತಂಗಿಯ ಜೊತೆ ಮಾತಾಡುವುದು ಮಾತ್ರ ಅವಳ ಲೆಕ್ಕದಲ್ಲಿ ಕೆಲಸವಲ್ಲ. ಮಡಿಲಲ್ಲಿ ಫೋನಿಟ್ಟು ವಾಯ್ಸ್ ಮೆಸೇಜಿನ ಗುಂಡಿ ಒತ್ತಿದರೆ, ಲೋಟ ಖಾಲಿಯಾಗುವವರೆಗೂ ಆರಿಸುತ್ತಿರಲಿಲ್ಲ.

"ಕೇಳೇ, ಗಡಿಬಿಡಿ ರಾಣಿ. ಎದುರುಮನೆ ಅಜ್ಜಿ ಇವತ್ತೂ ಸ್ವೆಟರ್ ಉಲ್ಟಾ ಹಾಕ್ಕೊಂಡಿದಾರೆ. ಹೇಳಲೋ ಬೇಡವೋ?" ಅಷ್ಟು ಹೇಳಿ ಸುಮ್ಮನಾಗುವಳು. ಚಹಾ ಊದುವಳು. ಯಾರದೋ ಸೈಕಲ್ಲಿನ ಗಂಟೆ ಕೇಳಿಸುವುದು. ಆಮೇಲೆ, "ಬೇಡ ಬಿಡು, ಬೆಚ್ಚಗಿದ್ರೆ ಸಾಕು." ತಲೆಯಿಲ್ಲ, ಬಾಲವಿಲ್ಲ.

ಗಡಿಬಿಡಿ ರಾಣಿಗೆ ಇದನ್ನೆಲ್ಲ ಕೇಳಲು ಪುರುಸೊತ್ತಿರಲಿಲ್ಲ. ಅವಳ ಕೆಲಸವೇ ಮಾತು ಸೋಸುವುದು. ದೊಡ್ಡ ದೊಡ್ಡವರು ಕೂತು ಗಂಟೆಗಟ್ಟಲೆ ಮಾತಾಡಿದ್ದು ಅವಳ ಕಂಪ್ಯೂಟರಿಗೆ ಬರುತ್ತಿತ್ತು. ಕೆಮ್ಮು, ಕುರ್ಚಿಯ ಕಿರಗುಟ್ಟುವಿಕೆ, "ಅಂದ್ರೆ", "ಅದೇನಂದ್ರೆ", ಎರಡು ಮಾತಿನ ನಡುವಿನ ಉಸಿರು, ಎಲ್ಲ ಕಿತ್ತುಹಾಕಿ ಬರೀ ಮಾತನ್ನು ಪೋಣಿಸಿ ಕೊಡಬೇಕು. ಕೇಳುವವರೂ ಅವಸರದವರೇ. ಅರ್ಧ ಕೆಲಸವನ್ನು ಒಂದು ಆ್ಯಪ್ ತಾನೇ ಮಾಡುತ್ತಿತ್ತು. ಒಂದು ದಿನ ಅವಳು ಅದನ್ನು ತನ್ನ ಫೋನಿಗೂ ಹಾಕಿಕೊಂಡು, ಅಕ್ಕನಿಂದ ಬಂದದ್ದೆಲ್ಲ ಮೊದಲು ಅದರೊಳಗೆ ಬೀಳುವಂತೆ ಮಾಡಿದಳು. ಸೋಸಿದ್ದು ಉಳಿಯುತ್ತಿತ್ತು. ಮೂಲ ಅಳಿಸಿಹೋಗುತ್ತಿತ್ತು, ಇಲ್ಲವಾದರೆ ಫೋನು ತುಂಬಿಕೊಳ್ಳುತ್ತದಲ್ಲ.

"ನಮ್ಮಕ್ಕನ ಪುರಾಣ ಈಗ ಲಿಫ್ಟ್ ಕೆಳಗಿಳಿಯೋದ್ರೊಳಗೆ ಮುಗಿಯುತ್ತೆ" ಎಂದು ಆಫೀಸಿನಲ್ಲಿ ಹೇಳಿ ನಗಿಸಿದ್ದಳು. ಹೆಬ್ಬೆರಳಿನ ಚಿತ್ರವೊಂದನ್ನು ಅಕ್ಕನಿಗೆ ಕಳಿಸಿ ಕೆಲಸಕ್ಕೆ ಮರಳುತ್ತಿದ್ದಳು.

ಈಗ ಅವಳು ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೊಡ್ಡ ಹೆಡ್‌ಫೋನನ್ನು ಆ ಪುಟ್ಟ ಕಿವಿಗಳ ಮೇಲೆ ಇಟ್ಟು, ಅಕ್ಕನ ಒಂದು ಮೆಸೇಜು ಹಾಕಿದಳು. ಪುಟ್ಟಿ ಉಸಿರು ಬಿಗಿಹಿಡಿದು ಕೇಳಿದಳು. ಮುಗಿಯಿತು.

"ಇದಲ್ಲ."

ಇನ್ನೊಂದು ಹಾಕಿದಳು. ಮತ್ತೊಂದು.

"ಇದು ಅಮ್ಮ ಅಲ್ಲ. ಅಮ್ಮ ಇಷ್ಟು ಬೇಗ ಮಾತಾಡಲ್ಲ."

"ಅಮ್ಮಂದೇ ದನಿ ಕಣೇ."

"ದನಿ ಅಮ್ಮಂದೇ" ಎಂದು ಪುಟ್ಟಿ ಒಪ್ಪಿಕೊಂಡಳು, ದೊಡ್ಡವರಿಗೆ ತಿಳಿಯಹೇಳುವಂತೆ. "ಅಮ್ಮ ಅಲ್ಲ. ನಾನು ನಗೋದು ಎಲ್ಲಿ?"

ಮಗುವಿನ ನಗುವನ್ನು ಆ್ಯಪ್ ಏನೆಂದು ತಿಳಿಯುತ್ತದೆಂದು ಚಿಕ್ಕಿಗೆ ಗೊತ್ತಿತ್ತು: ಹಿನ್ನೆಲೆ ಗದ್ದಲ. ಕಂಪ್ಯೂಟರ್ ತೆರೆದು ಹಳೆಯದೆಲ್ಲ ಜಾಲಾಡಿದಳು. ಕಸದ ಬುಟ್ಟಿ ನೋಡಿದಳು, ಅಚ್ಚುಕಟ್ಟಾಗಿ ಖಾಲಿಯಿತ್ತು. ಆಫೀಸಿನ ಶಬ್ದಭಂಡಾರದಲ್ಲಿ ಸಾವಿರ ಬಗೆಯ ಸದ್ದುಗಳಿದ್ದವು. ಅದರಲ್ಲಿ ಯಾರೋ ಬಿಸಿಬಿಸಿಯಾಗಿ ಏನನ್ನೋ ಹೀರುವ ಸದ್ದು ಹುಡುಕಿ, ಅಕ್ಕನ ಎರಡು ಮಾತುಗಳನ್ನು ದೂರ ಎಳೆದು, ನಡುವೆ ಅದನ್ನು ಇಟ್ಟಳು. ಕೆಟ್ಟ ಕೆಲಸವೆಂದು ಕೈಗೆ ಗೊತ್ತಿತ್ತು. ಆದರೂ ಕೈ ನಿಲ್ಲಲಿಲ್ಲ.

ಪುಟ್ಟಿ ಕೇಳಿ, ಹೆಡ್‌ಫೋನನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು. "ಇದ್ಯಾರೋ ಗಂಡಸು ಕುಡೀತಿದಾರೆ" ಎಂದಳು.

ಭಾವ ಎದ್ದು ಕಿಟಕಿಯ ಕಡೆ ಹೋದರು.

"ನಾನೇ ತೆಗೆದೆ ಪುಟ್ಟಿ" ಎಂದಳು ಚಿಕ್ಕಿ. "ಅಮ್ಮ ಚಹಾ ಕುಡಿಯೋದು, ನೀನು ನಗೋದು. ಎಲ್ಲಾನೂ. ಇನ್ನು ಬರಲ್ಲ ಅದು."

"ಯಾಕೆ ತೆಗೆದೆ?"

"ಟೈಮ್ ಇರ್ಲಿಲ್ಲ. ಸ್ವಲ್ಪ ಟೈಮ್ ಉಳೀಲಿ ಅಂತ."

"ಉಳೀತಾ?"

ವ್ಯಂಗ್ಯವಿರಲಿಲ್ಲ ಆ ಪ್ರಶ್ನೆಯಲ್ಲಿ. ಚಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ಉಳಿದಿತ್ತು. ಉಳಿದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಅವಳು ಫೋನಿನಲ್ಲಿ ಒಬ್ಬ ಹೆಂಗಸನ್ನು ನೋಡುತ್ತಿದ್ದಳು. ಯಾವ ದೇಶದವಳೋ. ಆಕೆ ಕಿಟಕಿಯ ಬಳಿ ಕೂತು, ಮಾತಿಲ್ಲದೆ, ನಿಧಾನವಾಗಿ ಚಹಾ ಬಸಿದು ಕುಡಿಯುತ್ತಿದ್ದಳು. ಲಕ್ಷಗಟ್ಟಲೆ ಜನ ನೋಡುತ್ತಿದ್ದರು. ಮನಸ್ಸಿಗೆ ಎಷ್ಟು ಹಿತ, ಎಂದು ಇವಳೂ ಒಮ್ಮೆ ಆ ವಿಡಿಯೋದ ಕೆಳಗೆ ಬರೆದಿದ್ದಳು.



ಪುಟ್ಟಿ ಅವಳ ಮುಖ ನೋಡಿದಳು. ಚಿಕ್ಕವರಿಗೆ ದೊಡ್ಡವರ ಮೇಲೆ ಒಮ್ಮೊಮ್ಮೆ ಬರುವ ಕರುಣೆ ಅವಳಿಗೂ ಬಂದಿರಬೇಕು. "ಹೋಗ್ಲಿ ಬಿಡು, ನಂಗೆ ನೆನಪಿದೆ. ನಾನೇ ಹೇಳ್ತೀನಿ" ಎಂದಳು. ಕಾಲು ಮಡಚಿ ಸರಿಯಾಗಿ ಕೂತಳು. "ಅಮ್ಮ ಊದ್ತಾಳೆ. ಆಮೇಲೆ ಕುಡೀತಾಳೆ. ಆಮೇಲೆ ನಾನು 'ನಂಗೆ' ಅಂತೀನಿ. ಲೋಟ ಕೊಡ್ತಾಳೆ. ಆಮೇಲೆ ಫೋನ್ ಬಾಯಿ ಹತ್ರ ಇಟ್ಕೊಂಡು, ನನ್ ಕಿವೀನೂ ಹತ್ರ ಎಳ್ಕೊಂಡು, ಪಿಸುಪಿಸು ಅಂತ ನಿನ್ ವಿಷ್ಯ ಏನೋ ಹೇಳ್ತಾಳೆ. ನಿಂಗೆ ಕೇಳಿಸ್ಲಿ ಅಂತಾನೇ. ಆಮೇಲೆ ಇಬ್ರೂ ನಗ್ತೀವಿ."

"ಏನ್ ಹೇಳಿದ್ಲು?"

"ಅದೇ..." ಪುಟ್ಟಿ ಬಾಯಿ ತೆರೆದಳು. ಹುಬ್ಬು ಗಂಟಿಕ್ಕಿತು. ಮತ್ತೆ ಮೊದಲಿನಿಂದ ಶುರುಮಾಡಿದಳು, ಊದುವುದು, ಕುಡಿಯುವುದು, ಲೋಟ, ಪಿಸುಮಾತು. ಅಲ್ಲಿಗೆ ಬಂದು ಮತ್ತೆ ನಿಂತಳು. "ಮರ್ತೋಯ್ತು. ನೀನೇ ಹೇಳು ಚಿಕ್ಕಿ, ನಿಂಗೇ ತಾನೆ ಕಳಿಸಿದ್ದು."

ಪಿಸುಮಾತನ್ನು ಆ್ಯಪ್ ಉಸಿರೆಂದುಕೊಳ್ಳುತ್ತದೆ. ಕತ್ತರಿಸುತ್ತದೆ.

"ನಂಗೆ ಗೊತ್ತಿಲ್ಲ ಪುಟ್ಟಿ."

ಪುಟ್ಟಿ ತಿರುಗಿ ಕಿಟಕಿಯ ಕಡೆ ನೋಡಿದಳು. ಅಪ್ಪ ಬೆನ್ನು ಹಾಕಿಕೊಂಡೇ ತಲೆಯಾಡಿಸಿದರು, ಇಲ್ಲವೆಂದು.

"ಹಂಗಾದ್ರೆ ಇನ್ಯಾರಿಗೆ ಗೊತ್ತು?" ಎಂದಳು ಪುಟ್ಟಿ.