ಒಳ್ಳೇದಕ್ಕೆ ಇರಲಿ

ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ಜಿಪುಣರನ್ನು ಆಡಿಕೊಳ್ಳುತ್ತಾರಲ್ಲ, ಜರ್ಮನಿಯ ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗಿನ ಕನ್ನಡದವರ ನಡುವೆ ಆ ಮಾತು ಶಾಮಲಾಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅವಳ ಮುಂದೆ ಯಾರೂ ಅದನ್ನು ಅನ್ನುತ್ತಿರಲಿಲ್ಲ. ಯಾವ ಅಂಗಡಿಯಲ್ಲಿ ಯಾವಾಗ ಏನು ಅಗ್ಗ, ರೈಲಿನ ಟಿಕೆಟ್ಟನ್ನು ಎಷ್ಟು ಮುಂಚೆ ತೆಗೆದರೆ ಅರ್ಧಕ್ಕೆ ಸಿಗುತ್ತದೆ ಎಂದು ಕೇಳುವುದಕ್ಕೆ ಎಲ್ಲರಿಗೂ ಅವಳೇ ಬೇಕಿತ್ತು. ಗಂಡ ಉಪೇಂದ್ರ ಚಿಪ್ ಕಂಪನಿಯಲ್ಲಿ ಇಂಜಿನಿಯರು, ಸಂಬಳಕ್ಕೇನೂ ಕೊರತೆಯಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಶಾಮಲಾ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಳು. ಹಾಸಿಗೆ ದೊಡ್ಡದಿದ್ದರೂ ಮುದುರಿಕೊಂಡೇ ಮಲಗಬೇಕು, ಉಳಿದ ಜಾಗ ಒಳ್ಳೇದಕ್ಕೆ ಇರಲಿ.

‘ಒಳ್ಳೇದಕ್ಕೆ ಇರಲಿ’ ಎನ್ನುವುದು ಅವಳ ನಾಲಿಗೆಗೆ ಅಂಟಿಕೊಂಡ ಮಾತು. ಮದುವೆಯ ಸೀರೆಗಳು ಒಳ್ಳೇದಕ್ಕೆ ಇದ್ದವು. ಮಂಡ್ಯದಿಂದ ತಂದ ತುಪ್ಪ ಒಳ್ಳೇದಕ್ಕೆ ಇದ್ದೂ ಇದ್ದೂ ಕೊನೆಗೆ ಕಮಟು ವಾಸನೆ ಹೊಡೆಯಿತು. ಆ ಒಳ್ಳೆಯ ದಿನ ಯಾವುದಮ್ಮಾ ಎಂದು ಉಪೇಂದ್ರ ಕೇಳಿದರೆ, ಸ್ವಂತ ಮನೆ ಆಗಲಿ ಎನ್ನುತ್ತಿದ್ದಳು. ಮ್ಯೂನಿಕ್ ಸುತ್ತಮುತ್ತ ಮನೆಯ ಬೆಲೆ ಇವಳ ಉಳಿತಾಯಕ್ಕಿಂತ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆಯೇ ಓಡುತ್ತಿತ್ತು.

ಅವಳಿಗೆ ಎಲ್ಲಕ್ಕಿಂತ ಹೆಮ್ಮೆಯ ವಿಷಯವೆಂದರೆ ಆರು ವರ್ಷದ ಮಗ ನೀಲ್. ಬೇರೆ ಮಕ್ಕಳು ಐಸ್‌ಕ್ರೀಮ್ ಅಂಗಡಿಯ ಮುಂದೆ ಉರುಳಾಡಿ ಅಳುತ್ತಿದ್ದರೆ ಇವನು ಒಮ್ಮೆ ಗಾಜಿನೊಳಗೆ ನೋಡಿ, ಒಮ್ಮೆ ತಾಯಿಯ ಮುಖ ನೋಡಿ, “ಮೋರ್ಗನ್” ಎನ್ನುತ್ತಿದ್ದ. ಎಂದರೆ ನಾಳೆ. “ನನ್ನ ಮಗ ಏನನ್ನೂ ಕೇಳೋದೇ ಇಲ್ಲ ಕಣೇ” ಎಂದು ಶಾಮಲಾ ಗೆಳತಿ ಇಳಾಳ ಹತ್ತಿರ ಕೊಚ್ಚಿಕೊಂಡಿದ್ದಳು. ಇಳಾ, “ಮಕ್ಕಳು ಕೇಳ್ಬೇಕು ಕಣೇ ಶಾಮಲಾ” ಎಂದಳು. ಹೊಟ್ಟೆಕಿಚ್ಚು ಎಂದುಕೊಂಡಳು ಶಾಮಲಾ.

ಈ ಸಲದ ರಜೆಗೆ ಅವಳು ಹುಡುಕಿದ್ದಂತೂ ಬಾಡಿಗೆಯೇ ಇಲ್ಲದ ಮನೆ. ಬೋಡನ್‌ಸೇ ಸರೋವರದ ದಂಡೆಯ ಒಂದು ಹಳ್ಳಿ. ಗೆರ್ಟ್ರೂಡ್ ಎಂಬ ಮುದುಕಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಹ್ಯಾಂಬರ್ಗಿನಲ್ಲಿರುವ ಮಗಳು ಬಿರ್ಗಿಟ್ ಮನೆ ಮಾರುವ ತನಕ ಬೆಕ್ಕಿಗೆ ಊಟ ಹಾಕಿ ಗಿಡಕ್ಕೆ ನೀರು ಹಾಕುವವರನ್ನು ಹುಡುಕುತ್ತಿದ್ದಳು. ಕೆಲಸ ಅಷ್ಟೇ, ವಾಸ ಬಿಟ್ಟಿ. ಸೆಪ್ಟೆಂಬರಿನ ರಜೆ, ಕೆರೆಯಂಚಿನ ಮನೆ, ಒಂದು ಕಾಸಿನ ಖರ್ಚಿಲ್ಲ ಎಂದು ಶಾಮಲಾ ಕುಣಿದಾಡಿದಳು.

ಫೋನಿನಲ್ಲಿ ಅವಳ ತಾಯಿ ಮಾತ್ರ ಬೈದರು. “ಪಿತೃಪಕ್ಷದಲ್ಲಿ ಹೋಗಿ ಸತ್ತೋರ ಮನೇಲಿ ಮಲಗ್ತೀಯಲ್ಲೇ, ನಿನಗೇನು ಬಂದಿದೆ?”

“ಬಾಡಿಗೆ ಇಲ್ಲಮ್ಮ.”

“ಬಾಡಿಗೆ ಇಲ್ದೆ ಯಾರೂ ಜಾಗ ಕೊಡಲ್ಲ ಕಣೇ.”

ಮನೆ ಚೊಕ್ಕಟವಾಗಿತ್ತು. ಬಿರ್ಗಿಟ್ ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟು ಕೊನೆಗೆ ಒಂದು ಮಾತು ಸೇರಿಸಿದಳು. ಏನು ಬೇಕಾದರೂ ಬಳಸಿ, ಮುಂದಿನ ಕೋಣೆಯ ಗಾಜಿನ ಬೀರು ಮಾತ್ರ ಬೇಡ. ಅಮ್ಮ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ, ನನಗೂ ಇನ್ನೂ ಧೈರ್ಯ ಬಂದಿಲ್ಲ. ಶಾಮಲಾ ಹೋಗಿ ಗಾಜಿನ ಹೊರಗಿನಿಂದಲೇ ನೋಡಿದಳು. ಚಿನ್ನದ ಅಂಚಿನ ಕಪ್ಪುಗಳು, ಬಸಿಗಳು, ತಟ್ಟೆಗಳು, ಅಂಗಡಿಯ ರಿಬ್ಬನ್ನು ಕೂಡ ಬಿಚ್ಚದ ಬಿಳಿಯ ಮೇಜುಬಟ್ಟೆ, ಯಾರೋ ಯಾವಾಗಲೋ ಉಡುಗೊರೆ ಕೊಟ್ಟ ಚಾಕೊಲೇಟ್ ಡಬ್ಬಗಳು. ಒಂದನ್ನೂ ತೆರೆದಿರಲಿಲ್ಲ. ಸತ್ತ ಮುದುಕಿಯ ಮೇಲೆ ಅವಳಿಗೆ ತಟ್ಟನೆ ಅಕ್ಕರೆ ಬಂತು. ಬದುಕು ಮಾಡಲು ಗೊತ್ತಿದ್ದ ಹೆಂಗಸು ಎಂದುಕೊಂಡಳು.

ಮಾರನೆಯ ದಿನ ಮಧ್ಯಾಹ್ನ, ಊರವರೆಲ್ಲ ಕಾಫಿ ಕೇಕಿಗೆ ಕೂರುವ ಹೊತ್ತು, ಅವಳು ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದಳು. ಮುಂದಿನ ಕೋಣೆಯಲ್ಲಿ ಬಸಿಗೆ ಕಪ್ಪು ತಗುಲಿದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದರೆ ಬೀರು ಮುಚ್ಚಿಯೇ ಇದೆ. ಅದರ ಮುಂದೆ ನೆಲದ ಮೇಲೆ ನೀಲ್ ಕೂತು ಮೆಲ್ಲಗೆ ಜರ್ಮನ್‌ನಲ್ಲಿ ಏನೋ ಹೇಳುತ್ತಿದ್ದಾನೆ. ಪಕ್ಕದಲ್ಲಿ ಕರಿಬೆಕ್ಕು ಮೋರ್ಲೆ ಖಾಲಿ ಕುರ್ಚಿಯೊಂದನ್ನು ನೆಟ್ಟ ನೋಟದಿಂದ ನೋಡುತ್ತಿದೆ.

“ಯಾರ ಜೊತೆಗೋ ಮಾತು?”

“ಓಮಾ ಜೊತೆ,” ಎಂದ. ಇಲ್ಲಿನ ಮಕ್ಕಳು ಅಜ್ಜಿಯನ್ನು ಹಾಗೆಯೇ ಕರೆಯುವುದು. “ಓಮಾ ಕೇಳ್ತಾಳೆ, ಇಸ್ಟ್ ಎಸ್ ಹೊಯ್ಟೆ? ಇವತ್ತಾ, ಅಂತ.”

“ಏನು ಇವತ್ತು?”

ನೀಲ್ ಭುಜ ಕುಣಿಸಿದ. ಮಕ್ಕಳಾಟ ಎಂದು ಶಾಮಲಾ ನಕ್ಕು, “ನಾಳೆ ಅಂತ ಹೇಳು ನಿಮ್ಮ ಓಮಾಗೆ” ಎಂದಳು. ನೀಲ್ ಕುರ್ಚಿಯ ಕಡೆ ತಿರುಗಿ, “ಮೋರ್ಗನ್” ಎಂದ. ಬೆಕ್ಕು ಎದ್ದು ಹೊರಟುಹೋಯಿತು.

ಆ ಸಂಜೆ ನೀಲ್ ಚಪಾತಿಯನ್ನು ನೇರವಾಗಿ ಎರಡು ಮಾಡಿ, ಅರ್ಧ ತಿಂದು, ಇನ್ನರ್ಧವನ್ನು ಕಾಗದದ ನ್ಯಾಪ್‌ಕಿನ್ನಿನಲ್ಲಿ ನಾಲ್ಕು ಮೂಲೆ ಕೂಡಿಸಿ ಮಡಚಿಟ್ಟ. ಯಾಕೋ ಎಂದರೆ, “ಫ್ಯೂರ್ ಗೂಟ್” ಎಂದ. ಈ ಕಡೆಯ ಹಳೆಯ ಕಾಲದ ಹೆಂಗಸರ ಮಾತು ಅದು. ಒಳ್ಳೇದಕ್ಕೆ ಇರಲಿ ಎಂದೇ ಅದರ ಅರ್ಥ. ಕೇಳಿ ಶಾಮಲಾಳಿಗೆ ಮೊದಲು ಸೋಜಿಗವಾಯಿತು, ಆಮೇಲೆ ದಿಗಿಲಾಯಿತು. ಆ ಮಾತನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಸದ್ದು, ಅದೇ ಪ್ರಶ್ನೆ. ಈ ಸಲ ಶಾಮಲಾ ಅಡುಗೆಮನೆಯಿಂದಲೇ “ನಾಳೆ” ಎಂದು ಕೂಗಿದಳು, ಕೋಣೆಗೆ ಹೋಗಲು ಮನಸ್ಸಾಗಲಿಲ್ಲ. ನೀಲ್ ಕಾಲು ಚಪಾತಿ ತಿಂದು ಮುಕ್ಕಾಲನ್ನು ಮಡಚಿಟ್ಟ. ಅದರ ಮರುದಿನ ಎಲ್ಲವನ್ನೂ ಮಡಚಿಟ್ಟ. ಬಯ್ದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಮುಖ ಬಾಡಿ ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಉಪೇಂದ್ರ ಪಕ್ಕದೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಗಂಟಲು ಹೊಟ್ಟೆ ಎಲ್ಲ ಸರಿಯಿದೆ, ನೀರು ಕುಡಿಸುತ್ತಿರಿ, ಹಸಿವಾದಾಗ ತಾನೇ ತಿನ್ನುತ್ತಾನೆ ಎಂದರು ಆತ.

“ಬೆಳಗ್ಗೆನೇ ಹೊರಟುಬಿಡೋಣ ಶಾಮಿ,” ಎಂದ ಉಪೇಂದ್ರ. ದೆವ್ವ ಗಿವ್ವ ಎಂದರೆ ಗಹಗಹಿಸಿ ನಗುವವನು ಈಗ ನಗುತ್ತಿರಲಿಲ್ಲ. “ಈ ಮನೆ ಸಾಕು. ಫ್ರೀ ಆದ್ರೆ ಏನಂತೆ.”

ಶಾಮಲಾಳಿಗೂ ಅದೇ ಬೇಕಿತ್ತು. ಮಗನ ಬಟ್ಟೆ ತುಂಬಲು ಅವನ ಬೆನ್ನಿನ ಚೀಲ ಬಿಚ್ಚಿದಳು. ಮೇಲೆ ನ್ಯಾಪ್‌ಕಿನ್ನಿನ ಗಂಟುಗಳು, ಒಳಗೆ ಒಣಗಿದ ಚಪಾತಿ. ಅದು ಅವಳಿಗೆ ಗೊತ್ತೇ ಇತ್ತು. ಅದರ ಕೆಳಗೆ ಕಿಂಡರ್‌ಗಾರ್ಟನ್ನಿನ ಯಾರದೋ ಹುಟ್ಟುಹಬ್ಬದ ಜೆಲ್ಲಿ ಪೊಟ್ಟಣಗಳು, ಕ್ಷೌರದಂಗಡಿಯವನು ಕೊಟ್ಟ ಲಾಲಿಪಾಪು, ಇಳಾ ಅತ್ತೆ ಕೊಟ್ಟ ಕೊಬ್ಬರಿ ಮಿಠಾಯಿ. ತೀರಾ ತಳದಲ್ಲಿ ಹೋದ ಡಿಸೆಂಬರಿನ ಹಬ್ಬಕ್ಕೆ ಮಕ್ಕಳಿಗೆ ಕೊಡುವ ಚಾಕೊಲೇಟ್ ಬೊಂಬೆ ನಿಕೋಲಸ್ ತಾತ, ತಗಡಿನ ಹಾಳೆಯೊಳಗೇ ಪುಡಿಪುಡಿಯಾಗಿದ್ದ. ಒಂದನ್ನೂ ಮಗು ಬಾಯಿಗೆ ಹಾಕಿರಲಿಲ್ಲ.

ಶಾಮಲಾ ಅವನ್ನೆಲ್ಲ ನೆಲದ ಮೇಲೆ ಹರಡಿ ನೋಡಿದಳು. ಇವೆಲ್ಲ ಈ ಮನೆಗೆ ಕಾಲಿಡುವ ಮೊದಲಿನವು. ಓಮಾ ಯಾರೆಂದು ನೀಲ್‌ಗೆ ಗೊತ್ತಾಗುವುದಕ್ಕಿಂತ ಎಷ್ಟೋ ಮೊದಲಿನವು. ಮಗ ಕೇಳುವುದಿಲ್ಲ ಎಂದು ಊರೆಲ್ಲ ಸಾರಿಕೊಂಡು ತಿರುಗಿದ್ದಳಲ್ಲ, ಅವನಿಗೆ ಬೇಕು ಅನ್ನುವುದೇ ಒಣಗಿಹೋಗಿತ್ತು. ಒಣಗಿಸಿದವಳು ತಾನೇ. ಅವಳು ಬಾಯಿಗೆ ಸೆರಗು ಒತ್ತಿಕೊಳ್ಳಲು ಹೋದಳು, ತೊಟ್ಟಿದ್ದು ಜೀನ್ಸು, ಸೆರಗಿರಲಿಲ್ಲ.

“ಮನೆಗೆ ಹೋದ್ರೆ ಇದು ಬಿಡಲ್ಲ ರೀ,” ಎಂದಳು ಗಂಡನಿಗೆ. “ಇದು ಶುರುವಾಗಿದ್ದೇ ನಮ್ಮನೇಲಿ. ಆ ಮುದುಕಿ ಇವನನ್ನ ನೋಡಿ ನಮ್ಮೋನು ಅಂದ್ಕೊಂಡಿದ್ದಾಳೆ, ಅಷ್ಟೇ.”

ಆಗ ಅವಳಿಗೆ ನೆನಪಾದವರು ಅಜ್ಜಿ ಕೆಂಪಮ್ಮ. ಪಕ್ಷ ಬಂತೆಂದರೆ ಅಜ್ಜಿ ತಾತನ ಫೋಟೋದ ಮುಂದೆ ಎಡೆ ಇಡುತ್ತಿದ್ದರು. ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ, ಕಾಲು ಬಾಟ್ಲಿ ಬ್ರಾಂದಿ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚುವುದು, ಹಿರಿಯರು ಉಣ್ಣಲೆಂದು. “ಆಸೆ ಮಡಿಕ್ಕೊಂಡು ಹೋದೋರು ಹೊಸ್ಲು ದಾಟಾಕಿಲ್ಲ ಕನವ್ವ. ಕೊಟ್ಟು ಕಳಿಸ್ಬೇಕು,” ಎನ್ನುತ್ತಿದ್ದರು. ಕೊಡದೆ ಅವರು ಹೋಗುವುದಿಲ್ಲ. ಈ ಮುದುಕಿ ದಿನಾ ಇವತ್ತಾ ಇವತ್ತಾ ಎಂದು ಕೇಳುತ್ತಿದ್ದಾಳೆ, ನಾನು ದಿನಾ ನಾಳೆ ನಾಳೆ ಎಂದು ಓಡಿಸುತ್ತಿದ್ದೇನೆ.

ಬೆಳಗ್ಗೆ ಬೇಕರಿಗೆ ಹೋದಾಗ ಕೌಂಟರಿನ ಹೆಂಗಸು ಇವಳನ್ನು ಕಂಡದ್ದೇ ನಿನ್ನೆಯ ಬ್ರೆಡ್ಡು ಅರ್ಧ ಬೆಲೆಗೆ ಮಾರುವ ಬುಟ್ಟಿಗೆ ಕೈಹಾಕಿದಳು. ಶಾಮಲಾ ಬೇಡ ಎಂದಳು. ಗೆರ್ಟ್ರೂಡ್ ಅಜ್ಜಿಗೆ ಏನು ಇಷ್ಟವಿತ್ತು ಎಂದು ಕೇಳಿದಳು.

ಹೆಂಗಸು ಕೈ ತಡೆದು ನಿಂತಳು. “ಅವಳೂ ಈ ಬುಟ್ಟಿಯದನ್ನೇ ಒಯ್ಯುತ್ತಿದ್ದದ್ದು. ಆದರೆ ತಾಜಾ ಪ್ಲಮ್ ಹಣ್ಣಿನ ಕೇಕು ಮಾಡುವ ಕಾಲ ಬಂದರೆ ಗಾಜಿನ ಮುಂದೆ ನಿಂತು ನೋಡುತ್ತಿದ್ದಳು. ಕೊಡಲೇ ಅಂದರೆ, ಮುಂದಿನ ಸಲ ಅನ್ನುತ್ತಿದ್ದಳು.”

ಆ ದಿನದ್ದೇ ಕೇಕು ಆಗಷ್ಟೇ ಒಲೆಯಿಂದ ಬಂದಿತ್ತು. ಶಾಮಲಾ ನಾಲ್ಕು ತುಂಡು ಕಟ್ಟಿಸಿದಳು, ಮೇಲೆ ಹಾಕಲು ಕಡೆದ ಕೆನೆಯನ್ನೂ ಕೊಂಡಳು. ಬೆಲೆ ಕೇಳಲಿಲ್ಲ.

ಕಾಫಿ ಹೊತ್ತಿಗೆ ಅವಳು ಮುಖ ತೊಳೆದು ಬೀರುವಿನ ಬಾಗಿಲು ತೆರೆದಳು. ರಿಬ್ಬನ್ನು ಬಿಚ್ಚಿ ಬಿಳಿಯ ಬಟ್ಟೆಯನ್ನು ಮೇಜಿಗೆ ಹಾಸಿದಳು. ಬೀರುವಿನಲ್ಲಿದ್ದ ಗಂಜಿ ಹಾಕಿದ ಬಟ್ಟೆಯ ನ್ಯಾಪ್‌ಕಿನ್ನು, ಚಿನ್ನದ ಅಂಚಿನ ತಟ್ಟೆ, ಅದರಲ್ಲಿ ಒಂದು ತುಂಡು ಕೇಕು, ಕೆನೆ, ಫೋರ್ಕು, ಕಪ್ಪಿನ ತುಂಬ ಬಿಸಿ ಕಾಫಿ. ಖಾಲಿ ಕುರ್ಚಿಯನ್ನು ಮೇಜಿಗೆ ಎಳೆದಿಟ್ಟಳು. ನೀಲ್ ನೋಡುತ್ತಲೇ ಇದ್ದ. ಯಾವ ಭಾಷೆಯಲ್ಲಿ ಹೇಳುವುದೆಂದು ಒಂದು ಕ್ಷಣ ಯೋಚಿಸಿ, ಸತ್ತವರಿಗೆ ಯಾವುದಾದರೇನು ಎಂದುಕೊಂಡು ಕನ್ನಡದಲ್ಲೇ ಹೇಳಿದಳು.

“ಇವತ್ತೇ ಕಣಮ್ಮ. ಒಳ್ಳೇ ದಿನ ಇವತ್ತೇ. ಕೂತ್ಕೊಂಡು ತಿನ್ನಿ.”

ಮೂವರೂ ಹೊರಗೆ ಬಂದರು. ಬೆಕ್ಕನ್ನೂ ಎತ್ತಿಕೊಂಡು ಬಂದು ಬಾಗಿಲು ಎಳೆದುಕೊಂಡರು. ಉಪೇಂದ್ರ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ತಣ್ಣನೆಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತ. ಕೆರೆಯಲ್ಲಿ ಒಂದು ಹಡಗು ದಾಟಿಹೋಯಿತು. ಒಳಗಿಂದ ಯಾವ ಸದ್ದೂ ಬರಲಿಲ್ಲ. ಅಜ್ಜಿ ಮಾಡುತ್ತಿದ್ದಂತೆ ಶಾಮಲಾ ಬಾಗಿಲನ್ನು ತಟ್ಟಿ, ಬರುತ್ತಿದ್ದೇವೆಂದು ತಿಳಿಸಿ, ಒಳಗೆ ಹೆಜ್ಜೆಯಿಟ್ಟಳು.

ಕಪ್ಪಿನ ತಳದಲ್ಲಿ ಒಂದು ಗುಟುಕು ಕಾಫಿ ಉಳಿದಿತ್ತು. ತಟ್ಟೆಯಲ್ಲಿ ಕೇಕಿನ ಪುಡಿಯಷ್ಟೇ ಇತ್ತು. ಪಕ್ಕದಲ್ಲಿ ಬಿಳಿಯ ನ್ಯಾಪ್‌ಕಿನ್ನು ನಾಲ್ಕು ಮೂಲೆ ಕೂಡಿಸಿ ಮಡಚಿಟ್ಟಿತ್ತು. ಉಪೇಂದ್ರ ಗೋಡೆಗೆ ಒರಗಿಕೊಂಡ. ಶಾಮಲಾ ಅದನ್ನು ಬಿಡಿಸಿದಳು. ಒಳಗೆ, ಫೋರ್ಕಿನಿಂದ ನೇರವಾಗಿ ಕತ್ತರಿಸಿದ ಅರ್ಧ ತುಂಡು.

ಅವಳಿಗೆ ಮೊದಲು ನಗು ಬಂತು. ಸತ್ತ ಮೇಲೂ ಅರ್ಧ ಎತ್ತಿಟ್ಟಿದ್ದಾಳಲ್ಲ ಪುಣ್ಯಾತ್ಗಿತ್ತಿ! ನಗು ನಡುವೆಯೇ ಮುರಿದು ಅಳುವಾಯಿತು, ಯಾಕೆಂದರೆ ಆ ಮಡಿಕೆ ತನ್ನ ಕೈಯದೇ ಮಡಿಕೆ, ಊರಿನ ಎಲ್ಲ ಮದುವೆಮನೆಗಳಲ್ಲಿ ಎಲೆಯ ಸಿಹಿತಿಂಡಿಯನ್ನು ಮನೆಗೆಂದು ಅವಳು ಮಡಚಿಕೊಂಡದ್ದು ಹಾಗೆಯೇ.

ನೀಲ್ ಕುರ್ಚಿಯ ಕಡೆ ಕಿವಿಗೊಟ್ಟು ನಿಂತಿದ್ದ. “ಅದು ನಿನಗಂತೆ ಅಮ್ಮಾ.”

“ಯಾವತ್ತಿಗಂತೆ?”

“ಹೊಯ್ಟೆ,” ಎಂದ. ಇವತ್ತು.

ಶಾಮಲಾ ಆ ಕುರ್ಚಿಯಲ್ಲೇ ಕೂತು ಎಡೆಯ ಪ್ರಸಾದದ ಹಾಗೆ ಅದನ್ನು ತಿಂದಳು. ಪ್ಲಮ್ಮಿನ ಹುಳಿ, ಕೆನೆಯ ಸಿಹಿ. ಕೂತು, ತಟ್ಟೆಯಲ್ಲಿ, ಯಾರಿಗೂ ಎತ್ತಿಡದೆ ಏನನ್ನಾದರೂ ತಿಂದು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಾಗಲಿಲ್ಲ. ನೀಲ್ ಹತ್ತಿರ ಬಂದ. ಅವಳ ಬಾಯಿ ಆಡುವುದನ್ನೇ ನೋಡುತ್ತ ನಿಂತ. ನಾಲಿಗೆಯಿಂದ ತುಟಿ ಸವರಿಕೊಂಡ.

“ಅಮ್ಮಾ, ನಂಗೂ ಬೇಕು.”

ಕೇಳಿದ! ಒಂದು ವರ್ಷದ ಮೇಲೆ ಮಗ ಬಾಯಿಬಿಟ್ಟು ಕೇಳಿದ. ಉಳಿದ ಮೂರು ತುಂಡುಗಳು ಎಲ್ಲಿವೆ ಎಂದು ಆಗ ಅವಳಿಗೆ ಹೊಳೆಯಿತು. ಬೇಕರಿಯಿಂದ ಬಂದವಳೇ, ಕೈಗೆ ಅಭ್ಯಾಸವಾದ ಹಾಗೆ, ಕಾಗದದಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನ ಹಿಂದಿನ ಮೂಲೆಗೆ ತಳ್ಳಿದ್ದಳು. ಅವಳ ಬಾಯಿ ತಾನಾಗಿಯೇ ತೆರೆಯಿತು.

“ನಾ...”

ಬೀರುವಿನೊಳಗಿನ ಕಪ್ಪುಗಳೆಲ್ಲ ಒಟ್ಟಿಗೆ ಝಣ್ಣೆಂದವು. ಮೋರ್ಲೆ ಮೇಜಿನ ಕೆಳಗೆ ನುಗ್ಗಿತು. ಶಾಮಲಾ ಉಳಿದ ಅಕ್ಷರವನ್ನು ನುಂಗಿಕೊಂಡು ಎದ್ದು ಹೋಗಿ, ಮೂರು ತುಂಡುಗಳನ್ನೂ ಚಿನ್ನದ ಅಂಚಿನ ತಟ್ಟೆಗಳಲ್ಲಿ ಹಾಕಿ ತಂದಿಟ್ಟಳು.

ನೀಲ್ ತಿಂದ. ಮೂಗಿಗೆ ಕೆನೆ ಮೆತ್ತಿಕೊಂಡು ಗಬಗಬನೆ ತಿಂದ. ಅರ್ಧ ಮುಗಿದಾಗ ಒಮ್ಮೆ ನಿಧಾನಿಸಿದ. ಅವನ ಕೈ ಮೆಲ್ಲಗೆ ನ್ಯಾಪ್‌ಕಿನ್ನಿನ ಕಡೆ ಹೋಯಿತು. ಶಾಮಲಾ ಅದನ್ನು ಎತ್ತಿ, ತನ್ನ ಕಣ್ಣು ಒರೆಸಿಕೊಂಡು, ಅವನ ಕೈಗೆ ಎಟುಕದ ಕಡೆ ಇಟ್ಟಳು.