ಬಟ್ಟಲಿನ ಕುದುರೆಗಳು

ಕಾಲು ತೊಳೆದು ಜಗಲಿ ಹತ್ತಿದ ಪೋಕರ್ ಮೊದಲು ಕೇಳಿದ್ದೇ ಬಟ್ಟಲನ್ನು. ಐವತ್ತಾರನೇ ಇಸವಿಯಲ್ಲಿ ಪರ್ಷಿಯಾದ ಬಂದರಿಗೆ ಸರಕು ಇಳಿಸುವ ಕೆಲಸಕ್ಕೆ ಹೋದವನು ತನ್ನೂರು ಜಾಲ್ಸೂರಿಗೆ ಮರಳಿದ್ದು ಹತ್ತು ವರ್ಷಗಳ ಮೇಲೆ, ಈಗಲೇ.

"ನನ್ನ ಮುಖ ನೋಡುವ ಮೊದಲೇ ಬಟ್ಟಲು ಬೇಕಾ ನಿಮಗೆ?" ಎಂದು ನಗುತ್ತಲೇ ಹೆಂಡತಿ ಪಾತು ಒಳಗೆ ಹೋದಳು. ಈ ಗಳಿಗೆಗೆಂದೇ ಅವಳು ಅದನ್ನು ಕಾಪಾಡಿಕೊಂಡು ಬಂದದ್ದು.

ಹೋದ ಮರುವರ್ಷ ಊರಿಗೆ ಬರುವವರ ಕೈಯಲ್ಲಿ ಅವನು ಕಳಿಸಿದ್ದ ಹಳೇ ಕಾಲದ ಕಂಚಿನ ಬಟ್ಟಲು ಅದು. ಹೊರಮೈಗೆ ತೆಳ್ಳನೆ ಬೆಳ್ಳಿ ಕೂರಿಸಿ ಮಾಡಿದ ಕುದುರೆಗಳ ಸಾಲು. ಆದರೆ ಬರುವಾಗಲೇ ಮೈಯೆಲ್ಲ ಕಪ್ಪು. ಗಂಡ ಕಳಿಸಿದ್ದನ್ನು ಕಿಲುಬು ಹಿಡಿಸಿದಳು ಎಂದು ನಾಲ್ಕು ಜನ ಹೇಳಬಾರದಲ್ಲ? ಪಕ್ಕದ ಮನೆಯ ಸೇವಂತಿ ಉಪಾಯ ಹೇಳಿದ್ದಳು: "ಹುಣಸೆಹುಳಿ, ಬೂದಿ, ಹೊಳೆಯ ಮರಳು. ನಾರಲ್ಲಿ ತಿಕ್ಕಿ ನೋಡಿ ಪಾತುಮ್ಮ, ನಿಮ್ಮ ಯಜಮಾನರ ಮುಖವೇ ಕಾಣ್ತದೆ." ಅಲ್ಲಿಂದ ಪ್ರತಿ ಗುರುವಾರ ಸಂಜೆ, ಶುಕ್ರವಾರಕ್ಕೆಂದು ಪಾತ್ರೆ ಬೆಳಗುವಾಗ, ಅದಕ್ಕೇ ಹೆಚ್ಚು ಹೊತ್ತು. ಅವನ ಸುದ್ದಿಯಿಲ್ಲದ ತಿಂಗಳುಗಳಲ್ಲಿ ಇನ್ನಷ್ಟು ಜೋರಾಗಿ.

ಪೋಕರ್ ಬಟ್ಟಲನ್ನು ಬೆಳಕಿಗೆ ಹಿಡಿದ. ಚಿನ್ನದ ಹಾಗೆ ಹೊಳೆಯಿತು. ತಿರುಗಿಸಿದ. ಮತ್ತೆ ತಿರುಗಿಸಿದ.

"ಕುದುರೆಗಳು ಎಲ್ಲಿ ಪಾತು?"

"ಅಲ್ಲೇ ಉಂಟಲ್ಲ." ಅವಳು ಬಗ್ಗಿ ನೋಡಿದಳು. ವಾರವಾರ ಕೈಯಲ್ಲಿ ಹಿಡಿದದ್ದೇ. ಎಂದು ಹೋದವೋ ತಿಳಿಯಲೇ ಇಲ್ಲ.

"ಎಂತದರಲ್ಲಿ ತಿಕ್ಕಿದ್ದು ಮಾರಾಯ್ತಿ?"

"ಮರಳಲ್ಲಿ. ನೀವು ಬರುವಾಗ ಹೊಳೀಬೇಕು ಅಂತ."

ಅವನು ಖಾಲಿ ಮೈಯ ಒಂದು ಕಡೆ ಬೆರಳಿಟ್ಟ. "ಇಲ್ಲಿ ಒಂದು ಕುದುರೆ ಹಿಂದೆ ತಿರುಗಿ ನೋಡ್ತಿತ್ತು. ಎಲ್ಲವೂ ಮುಂದೆ ಓಡುವಾಗ ಅದೊಂದು. ಅದನ್ನು ನೋಡಿಯೇ ನಿನಗೆ ಅಂತ ತಕೊಂಡದ್ದು. ನೀನು ನೋಡಿದ್ದೀಯಲ್ಲ?"

ಪಾತು ಹೌದೆನ್ನಲು ಹೊರಟಳು. ತಿಕ್ಕುವಾಗ ಯಾವ ಕುದುರೆ ಎತ್ತ ನೋಡುತ್ತದೆಂದು ಅವಳು ಒಮ್ಮೆಯೂ ಗಮನಿಸಿರಲಿಲ್ಲ.

"ಹೋಗ್ಲಿ, ಗಂಜಿ ಹಾಕು. ಹಸಿವೆ ಉಂಟು," ಎಂದ ಪೋಕರ್.

ಆ ಗುರುವಾರ ಬಾವಿಕಟ್ಟೆಯಲ್ಲಿ ಅವಳು ಉಳಿದ ಪಾತ್ರೆಗಳನ್ನೆಲ್ಲ ತಿಕ್ಕಿದಳು. ಬಟ್ಟಲಿಗೆ ಬರೀ ನೀರು ಹೊಯ್ದು, ಸೆರಗಿನಿಂದ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದಳು. ಹೊರಕ್ಕೆ ಮಡಿಚಿದ ಅಂಚಿನ ಕೆಳಗೆ, ನಾರು ತಲುಪದ ಕಡೆ, ಬೆಳ್ಳಿಯ ಒಂದು ಪುಟ್ಟ ಕಿವಿ ಉಳಿದಿತ್ತು. ಅದು ಯಾವ ಕಡೆಗೆ ನೋಡುತ್ತಿದ್ದ ಕುದುರೆಯದೋ, ಅವಳಿಗೆ ತಿಳಿಯಲಿಲ್ಲ.